ಯೂರಿಯಾ ಹುಲ್ಲಿನ ತಪ್ಪು ಲೆಕ್ಕ

ಪಶುಸಂಗೋಪನೆಯ ಯಾವುದೇ ವಿಚಾರಗೋಷ್ಠಿಗೆ ಹೋಗಿ ಕೂತರೂ ಮೊದಲ ಭಾಷಣ ಮುಗಿಯುವಷ್ಟರಲ್ಲಿ ಒಂದು ಅಂಕಿ ಕಿವಿಗೆ ಬಿದ್ದೇ ಬೀಳುತ್ತದೆ: ದೇಶದಲ್ಲಿ ಹಸಿರು ಮೇವಿನ ಕೊರತೆ ಶೇ 35.6. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ 2013ರ ತನ್ನ ಮುನ್ನೋಟದ ದಾಖಲೆಯಲ್ಲಿ ಕೊಟ್ಟ ಅಂಕಿ ಅದು. ಒಣಮೇವಿನ ಕೊರತೆ ಶೇ 10.95, ಹಿಂಡಿ-ಬೂಸಾ ಸೇರಿದ ದಾಣಿಯ ಕೊರತೆ ಶೇ 44 ಎಂದೂ ಅದೇ ದಾಖಲೆ ಹೇಳಿತ್ತು. ಅದೇ ಸಂಸ್ಥೆಯ ವಿಜ್ಞಾನಿಗಳು 2019ರಲ್ಲಿ ಮತ್ತೆ ಲೆಕ್ಕ ಹಾಕಿದರು. ಹಸಿರು ಮೇವಿನ ಕೊರತೆ ಶೇ 11.24ಕ್ಕೆ ಇಳಿದಿತ್ತು. ಒಣಮೇವಿನ ಕೊರತೆ ಮಾತ್ರ ಶೇ 23.4ಕ್ಕೆ ಏರಿ ಕೂತಿತ್ತು.

ಆರು ವರ್ಷಗಳಲ್ಲಿ ದೇಶದ ಗೋಮಾಳಗಳೆಲ್ಲ ಚಿಗುರಿ, ಅದೇ ಹೊತ್ತಿಗೆ ಬಣವೆಗಳು ಮಾತ್ರ ಕರಗಿದವೇ? ಹಾಗೇನೂ ಆಗಿಲ್ಲ. ಲೆಕ್ಕ ಹಾಕುವ ಕ್ರಮ ಬದಲಾಯಿತು, ಅಷ್ಟೆ. ಈ ಲೆಕ್ಕವೆಂದರೆ ಇಷ್ಟೇ: ತಲೆಗೆ ಇಷ್ಟು ಕಿಲೋ ಬೇಕು ಎಂಬ ಪುಸ್ತಕದ ಅಳತೆಯನ್ನು ಜಾನುವಾರು ಗಣತಿಯಿಂದ ಗುಣಿಸುವುದು, ಬೆಳೆಯ ಇಳುವರಿಯಿಂದ ಹುಲ್ಲು ಎಷ್ಟು ಬಂದೀತು ಎಂದು ಅಂದಾಜಿಸುವುದು, ಒಂದರಿಂದ ಇನ್ನೊಂದನ್ನು ಕಳೆಯುವುದು. ಬದುವಿನ ಹುಲ್ಲು, ಕಳೆ ಕಿತ್ತ ಹೊರೆ, ಬಾಳೆದಿಂಡು, ಬೇಲಿಯ ಸೊಪ್ಪು ಈ ಲೆಕ್ಕದಲ್ಲಿ ಎಷ್ಟು ಸಿಗುತ್ತವೆ ಎಂಬುದು ಅಂದಾಜಿನ ಮೇಲಿನ ಅಂದಾಜು. ಹಾಗಿದ್ದೂ ದಶಮಾಂಶದ ಮುಂದೆ ಎರಡು ಅಂಕಿ! ಹಳೆಯ 35.6 ಇವತ್ತಿಗೂ ವೇದಿಕೆಯಿಂದ ವೇದಿಕೆಗೆ ಓಡಾಡುತ್ತಲೇ ಇದೆ. ದೊಡ್ಡ ಕೊರತೆ ದೊಡ್ಡ ಯೋಜನೆಯನ್ನು ಕೇಳಲು ಅನುಕೂಲ.

ಅಂಕಿಯ ದೋಷ ಹೇಗಾದರೂ ತಿದ್ದಿಕೊಳ್ಳಬಹುದು. ಅದರ ಬೆನ್ನಿಗೆ ಬರುವ ನಂಬಿಕೆಯನ್ನು ಅಲುಗಿಸುವುದು ಕಷ್ಟ. ಮೇವು ಕಡಿಮೆ, ಇರುವ ಮೇವು ಕಳಪೆ. ಅದನ್ನು ಉತ್ತಮಗೊಳಿಸುವ ದಾರಿ ಪ್ರಯೋಗಾಲಯದಲ್ಲಿ ಸಿದ್ಧವಾಗಿದೆ. ರೈತ ಅದನ್ನು ಒಪ್ಪುತ್ತಿಲ್ಲ, ಏಕೆಂದರೆ ಅವನಿಗೆ ತಿಳಿವಳಿಕೆ ಸಾಲದು, ವಿಸ್ತರಣಾ ಸೇವೆ ಅವನನ್ನು ತಲುಪಿಲ್ಲ. ಪಶು ಆಹಾರ ಸಂಶೋಧನೆಯ ಬಗ್ಗೆ ಪತ್ರಿಕೆಗಳಲ್ಲಿ, ಪ್ರಬಂಧಗಳ ಕೊನೆಯ ಪುಟಗಳಲ್ಲಿ, ಇಲಾಖೆಯ ಮಾತುಗಳಲ್ಲಿ ಈ ಮೂರು ವಾಕ್ಯಗಳು ಬೇರೆ ಬೇರೆ ವೇಷದಲ್ಲಿ ಬರುತ್ತವೆ. ಮೂರನೆಯದು ಸುಳ್ಳು ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿಯಾಗಿ ಯೂರಿಯಾ ಹುಲ್ಲಿನ ಕತೆಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಇಷ್ಟು ಶ್ರದ್ಧೆಯಿಂದ ಸಂಶೋಧಿಸಿ, ಇಷ್ಟು ಉತ್ಸಾಹದಿಂದ ಪ್ರಚಾರ ಮಾಡಿ, ಇಷ್ಟು ಪೂರ್ತಿಯಾಗಿ ಬಿಟ್ಟುಹೋದ ಮತ್ತೊಂದು ಪಶು ಆಹಾರ ತಂತ್ರ ನಮ್ಮಲ್ಲಿಲ್ಲ.

ಹುಲ್ಲನ್ನು ಕ್ಷಾರದಲ್ಲಿ ನೆನೆಸಿ ಮೆದುಮಾಡುವ ಯೋಚನೆ ಹಳೆಯದು. ಮೊದಲ ಮಹಾಯುದ್ಧದ ಹೊತ್ತಿನ ಜರ್ಮನಿಯಲ್ಲಿ ಧಾನ್ಯಕ್ಕೆ ಬರ ಬಂದಾಗ ಅರ್ನ್ಸ್ಟ್ ಬೆಕ್‌ಮನ್ ಎಂಬ ರಸಾಯನ ವಿಜ್ಞಾನಿ ಕಾಸ್ಟಿಕ್ ಸೋಡಾದಲ್ಲಿ ಹುಲ್ಲು ನೆನೆಸುವ ವಿಧಾನವನ್ನು ರೂಪಿಸಿದ. ಎರಡನೆಯ ಯುದ್ಧದಲ್ಲಿ ನಾರ್ವೆಯ ರೈತರು ಅದನ್ನು ಬಳಸಿದರು. ಹುಲ್ಲು ಹೇರಳ, ಕಾಳಿಗೆ ಗತಿಯಿಲ್ಲ: ಈ ತಂತ್ರ ಹುಟ್ಟಿದ್ದು ಅಂಥ ಪರಿಸ್ಥಿತಿಯಲ್ಲಿ. ಈ ಮಾತನ್ನು ಗುರುತು ಹಾಕಿಟ್ಟುಕೊಳ್ಳಿ. ಕಾಸ್ಟಿಕ್ ಸೋಡಾ ಅಪಾಯದ ವಸ್ತುವಾದ್ದರಿಂದ 1970ರ ದಶಕದ ಹೊತ್ತಿಗೆ ಅಮೋನಿಯಾದತ್ತ, ಬಡ ದೇಶಗಳಲ್ಲಿ ಅಮೋನಿಯಾ ಕೊಡುವ ಯೂರಿಯಾದತ್ತ ಗಮನ ಹೊರಳಿತು. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ, ಐವತ್ತು ಲೀಟರ್ ಆಸುಪಾಸು ನೀರು. ಪದರ ಪದರವಾಗಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹೊದೆಸಿ ಮೂರು ವಾರ ಗಾಳಿಯಾಡದಂತೆ ಇಟ್ಟರೆ ಯೂರಿಯಾ ಅಮೋನಿಯಾ ಆಗಿ ಒಡೆದು, ಹುಲ್ಲಿನ ನಾರನ್ನು ಬಿಗಿದಿಟ್ಟ ಲಿಗ್ನಿನ್ ಕಟ್ಟುಗಳನ್ನು ಸಡಿಲಿಸುತ್ತದೆ. ಶೇ 3-4ರಷ್ಟಿದ್ದ ಕಚ್ಚಾ ಪ್ರೋಟೀನ್ ಶೇ 7-8ಕ್ಕೆ ಏರುತ್ತದೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಕೆಲಸ ಮಾಡಲು ಆಹಾರದಲ್ಲಿ ಶೇ 6-7ರಷ್ಟಾದರೂ ಪ್ರೋಟೀನ್ ಇರಬೇಕು. ಹಾಗಾಗಿ ಈ ಏರಿಕೆ ಸಣ್ಣದಲ್ಲ. ಹುಲ್ಲು ಹೆಚ್ಚು ಜೀರ್ಣವಾಗುತ್ತದೆ, ಹಸು ಹೆಚ್ಚು ತಿನ್ನುತ್ತದೆ. ಇದರಲ್ಲಿ ಯಾವುದೂ ಸುಳ್ಳಲ್ಲ. ರಸಾಯನಶಾಸ್ತ್ರ ಗಟ್ಟಿಯಾಗಿದೆ.

ನಮ್ಮಲ್ಲಿ ಇದರ ಮೇಲೆ ದೊಡ್ಡ ಕೆಲಸ ನಡೆದದ್ದು 1980 ಮತ್ತು 90ರ ದಶಕಗಳಲ್ಲಿ, ಭಾರತ-ಡಚ್ ಸಹಯೋಗದ ಬಯೋಕಾನ್ ಯೋಜನೆಯಲ್ಲಿ. ಹೆಸರು ಕೇಳಿ ಬೆಂಗಳೂರಿನ ಔಷಧ ಕಂಪನಿಯನ್ನು ನೆನೆಯಬೇಡಿ. ಇದು ಬೆಳೆ ಉಳಿಕೆಗಳನ್ನು ಮೇವಾಗಿ ಮಾರ್ಪಡಿಸುವ ಯೋಜನೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು, ನೆದರ್ಲೆಂಡ್ಸ್‌ನ ವಾಗೆನಿಂಗನ್ ಕೃಷಿ ವಿಶ್ವವಿದ್ಯಾಲಯ ಕೈಜೋಡಿಸಿದ್ದವು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವೂ ಅದರ ಪಾಲುದಾರ. ಹಳ್ಳಿಹಳ್ಳಿಯಲ್ಲಿ ಪ್ರಾತ್ಯಕ್ಷಿಕೆಗಳು ನಡೆದವು. ರೈತರು ಬಂದರು, ನೋಡಿದರು, ಒಂದೆರಡು ಸಲ ಮಾಡಿದರು, ಬಿಟ್ಟರು.

ಏಕೆ ಬಿಟ್ಟರು ಎಂಬುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣಗಳನ್ನು ಒಂದೊಂದಾಗಿ ತೂಗಬೇಕು. ಯೂರಿಯಾ ದುಬಾರಿ ಎನ್ನುತ್ತಾರೆ. ಸಬ್ಸಿಡಿಯ 45 ಕಿಲೋ ಚೀಲ 266 ರೂಪಾಯಿ 50 ಪೈಸೆ. ನೂರು ಕಿಲೋ ಹುಲ್ಲಿಗೆ ಬೇಕಾದ ನಾಲ್ಕು ಕಿಲೋಗೆ ಇಪ್ಪತ್ತನಾಲ್ಕು ರೂಪಾಯಿ ಆಗುವುದಿಲ್ಲ. ನೀರಿಲ್ಲ ಎನ್ನುತ್ತಾರೆ. ಎರಡು ವಾರದ ಮೇವಿಗೆ ಬೇಕಾದ ಐವತ್ತು ಲೀಟರನ್ನು ಹಾಲು ಕೊಡುವ ಹಸು ಒಂದೇ ದಿನ ಕುಡಿಯುತ್ತದೆ. ಯೂರಿಯಾ ವಿಷವೆಂಬ ಭಯ ಎನ್ನುತ್ತಾರೆ. ಭಯ ನಿಜ, ಸಕಾರಣವೂ ಹೌದು: ಸರಿಯಾಗಿ ಕರಗದ ಯೂರಿಯಾ ತಿಂದ ಹಸು ಸತ್ತರೆ ಆ ಊರಲ್ಲಿ ಆ ತಂತ್ರವೂ ಸತ್ತಂತೆ. ಆದರೆ ಹೊಲಕ್ಕೆ ಕೀಟನಾಶಕ ಹೊಡೆಯಲು ಹೆದರದ ಕೈಗಳು ಇದೊಂದಕ್ಕೆ ಹೆದರಿ ಹಿಂದೆ ಸರಿದವು ಎಂದರೆ ನಂಬಲಾಗದು. ಈ ಮೂರೂ ವರದಿ ಬರೆಯುವವರಿಗೆ ಸುಲಭವಾಗಿ ಸಿಕ್ಕ ಕಾರಣಗಳು.

ನಿಜವಾದ ಕಾರಣ ತಂತ್ರದ ಯಶಸ್ಸಿನಲ್ಲೇ ಅಡಗಿದೆ. ಹಸು ಹೆಚ್ಚು ತಿನ್ನುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಫಲಿತಾಂಶ, ಕೊಟ್ಟಿಗೆಯಲ್ಲಿ ಖರ್ಚು. ಒಬ್ಬ ಸಣ್ಣ ರೈತನ ಬಣವೆಯಲ್ಲಿ ಎರಡು ಟನ್ ರಾಗಿಹುಲ್ಲು ಇದೆ ಎನ್ನಿ. ದಿನಕ್ಕೆ ಆರು ಕಿಲೋ ಹಾಕಿದರೆ ಹನ್ನೊಂದು ತಿಂಗಳು ಬರುತ್ತದೆ. ಉಪಚರಿಸಿದ ಹುಲ್ಲು ರುಚಿಸಿ ಹಸು ಏಳೂವರೆ ಕಿಲೋ ತಿಂದರೆ ಒಂಬತ್ತು ತಿಂಗಳಿಗೆ ಬಣವೆಯ ಬುಡ ಕಾಣುತ್ತದೆ. ಮಳೆ ಚೆನ್ನಾಗಿದ್ದ ವರ್ಷ ಆ ಎರಡು ತಿಂಗಳನ್ನು ಬದುವಿನ ಹುಲ್ಲು ನೋಡಿಕೊಳ್ಳುತ್ತದೆ. 2023ರಂಥ ವರ್ಷ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿದ ವರ್ಷ, ಆ ಎರಡು ತಿಂಗಳನ್ನು ಯಾರು ನೋಡಿಕೊಳ್ಳಬೇಕು? ಹಾಗಾದರೆ ಅಳೆದು ಹಿಂದಿನಷ್ಟೇ ಹಾಕಲಿ ಎನ್ನಬಹುದು. ಹಾಕಬಹುದು, ಆದರೆ ಪ್ರಯೋಗದಲ್ಲಿ ಕಂಡ ಲಾಭದ ದೊಡ್ಡ ಪಾಲು ಬಂದದ್ದೇ ಹೆಚ್ಚು ತಿಂದದ್ದರಿಂದ. ಅಳೆದು ಹಾಕಿದರೆ ಲಾಭ ಕರಗುತ್ತದೆ, ದುಡಿಮೆ ಕರಗುವುದಿಲ್ಲ.

ದುಡಿಮೆಯ ಮಾತು ಬಂದಾಗ ಯಾರ ದುಡಿಮೆ ಎಂದೂ ಕೇಳಬೇಕು. ಮೂರು ವಾರಕ್ಕೊಮ್ಮೆ ಒಂದು ಗುಂಡಿ ತುಂಬಬೇಕು, ಇನ್ನೊಂದನ್ನು ತೆರೆಯಬೇಕು. ಕಣ್ಣುರಿಸುವ ಅಮೋನಿಯಾ ಹೋಗುವವರೆಗೆ ಹುಲ್ಲನ್ನು ಗಾಳಿಗೆ ಹರಡಬೇಕು. ಕರುಗಳ ಬಾಯಿಗೆ ಸಿಗದಂತೆ ಕಾಯಬೇಕು. ಕೊಟ್ಟಿಗೆಯ ಕೆಲಸ ಬಹುತೇಕ ಹೆಂಗಸರದು. ಪ್ರಾತ್ಯಕ್ಷಿಕೆಗೆ ಕರೆಸಿಕೊಂಡದ್ದು ಬಹುತೇಕ ಗಂಡಸರನ್ನು. ಇಷ್ಟೆಲ್ಲ ಮಾಡಿದ ಮೇಲೆ ದಿನಕ್ಕೆ ಎರಡು ಲೀಟರ್ ಕೊಡುವ ನಾಟಿ ಹಸು ಹೆಚ್ಚುವರಿ ಪೋಷಣೆಯನ್ನು ಹಾಲಾಗಿ ಹಿಂತಿರುಗಿಸುವುದು ಅಷ್ಟಕ್ಕಷ್ಟೆ. ಹನ್ನೆರಡು ಲೀಟರ್ ಕೊಡುವ ಮಿಶ್ರತಳಿಗೆ ಹೇಗೂ ಪಶು ಆಹಾರ ಕೊಡಲೇಬೇಕು, ಆ ಚೀಲ ಹಾಲಿನ ಸಂಘದಲ್ಲೇ ಸಾಲಕ್ಕೆ ಸಿಗುತ್ತದೆ, ಹಾಲಿನ ಬಟವಾಡೆಯಲ್ಲಿ ಮುರಿದುಕೊಳ್ಳುತ್ತಾರೆ. ಕೈಯಿಂದ ಕಾಸು ಬಿಚ್ಚದೆ, ಗುಂಡಿ ತುಳಿಯದೆ ಹಾಲು ಏರುವ ದಾರಿ ಪಕ್ಕದಲ್ಲೇ ಇದ್ದಾಗ ಯೂರಿಯಾ ಹುಲ್ಲಿಗೆ ಉಳಿದ ಜಾಗವೆಷ್ಟು? ಎರಡರ ನಡುವಿನ ಕಿರಿದಾದ ಸಂದಿ.

ರೈತರ ಪರ ವಕಾಲತ್ತಿಗಾಗಿ ಕಟ್ಟಿದ ಮಾತಲ್ಲ ಇದು. ಯೋಜನೆಯ ಒಳಗಿದ್ದ ವಿಜ್ಞಾನಿಗಳೇ ಇದನ್ನು ಬರೆದಿಟ್ಟಿದ್ದಾರೆ. ಕಿರಣ್ ಸಿಂಗ್ ಮತ್ತು ಹಾನ್ಸ್ ಶೀರೆ ಸಂಪಾದಿಸಿ 1995ರಲ್ಲಿ ಪರಿಷತ್ತಿನಿಂದಲೇ ಹೊರತಂದ ಹುಲ್ಲು ಮೇವಿನ ಕೈಪಿಡಿಯಲ್ಲಿ, ಹುಲ್ಲು ಹೇರಳವಾಗಿ ಅಗ್ಗಕ್ಕೆ ಸಿಗುವ, ದಾಣಿ ದುಬಾರಿಯಾದ, ಕೂಲಿ ಮತ್ತು ನೀರು ಕೈಗೆಟುಕುವ, ಮಧ್ಯಮ ಇಳುವರಿಯ ಜಾನುವಾರುಗಳಿರುವ ಕಡೆ ಮಾತ್ರ ಉಪಚಾರ ಲಾಭದಾಯಕ ಎಂಬ ಷರತ್ತುಗಳು ಸ್ಪಷ್ಟವಾಗಿವೆ. ಬೆಕ್‌ಮನ್‌ನ ಜರ್ಮನಿಯ ಷರತ್ತುಗಳೇ. ಶೀರೆ ಅದೇ ವರ್ಷ ವಾಗೆನಿಂಗನ್‌ಗೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿ ಹುಲ್ಲನ್ನು ಬಿಡಿಯಾಗಿ ನೋಡದೆ ಇಡೀ ಕೃಷಿ ವ್ಯವಸ್ಥೆಯೊಳಗೆ ಇಟ್ಟು ನೋಡಬೇಕೆಂದು ವಾದಿಸಿದರು. ಚೀನಾದ ಅನುಭವ ಈ ಷರತ್ತುಗಳಿಗೆ ತಾಳೆಯಾಗುತ್ತದೆ. ಅಲ್ಲಿ ಗೋಧಿ-ಮೆಕ್ಕೆಜೋಳದ ಹುಲ್ಲು ಹೊಲದಲ್ಲಿ ಸುಡುವಷ್ಟು ಮಿಕ್ಕುತ್ತಿತ್ತು, ಮಾಂಸದ ದನಗಳಿಗೆ ಮಾರುಕಟ್ಟೆ ಇತ್ತು, ಸರ್ಕಾರ ಬೆನ್ನಿಗಿತ್ತು. 1990ರ ದಶಕದಲ್ಲಿ ಅಲ್ಲಿನ ರೈತರು ಲಕ್ಷಾಂತರ ಟನ್ ಹುಲ್ಲನ್ನು ಅಮೋನಿಯಾದಲ್ಲಿ ಉಪಚರಿಸಿದರು. ಚೀನಾದ ರೈತ ನಮ್ಮವನಿಗಿಂತ ಜಾಣನಾಗಿರಲಿಲ್ಲ. ಅವನ ಲೆಕ್ಕ ಬೇರೆ ಇತ್ತು.

ಇಷ್ಟಾಗಿಯೂ ಇವತ್ತಿನ ತರಬೇತಿ ಕೈಹೊತ್ತಗೆಗಳನ್ನು ತೆರೆದರೆ ಯೂರಿಯಾ ಉಪಚಾರ ಅದೇ ನಾಲ್ಕು ಕಿಲೋ, ಅದೇ ಇಪ್ಪತ್ತೊಂದು ದಿನದೊಂದಿಗೆ ಕೂತಿದೆ. ಷರತ್ತುಗಳು ಮಾತ್ರ ಉದುರಿಹೋಗಿವೆ.

ಈಗ ಎದುರು ಬದಿಯ ಕತೆ. ಹೈದರಾಬಾದ್ ನಗರದ ಎಮ್ಮೆ ಡೇರಿಗಳಿಗೆ ಆಂಧ್ರ, ಮಹಾರಾಷ್ಟ್ರ, ಕರ್ನಾಟಕದಿಂದ ಜೋಳದ ಕಣಿಕೆ ಲಾರಿಗಟ್ಟಲೆ ಹೋಗುತ್ತಿತ್ತು. ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯ ಮೈಕೆಲ್ ಬ್ಲೂಮೆಲ್ ಮತ್ತು ಒಣಬೇಸಾಯದ ಬೆಳೆಗಳ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಪಾರ್ಥಸಾರಥಿ ರಾವ್ 2000ದ ದಶಕದ ಮಧ್ಯದಲ್ಲಿ ಅಲ್ಲಿನ ವ್ಯಾಪಾರಿಗಳ ಬಳಿ ಹೋದರು. ವ್ಯಾಪಾರಿಗಳು ಬಣ್ಣ ನೋಡಿ, ದಂಟು ಮುರಿದು, ಸಿಹಿ ಇದೆಯೇ ಎಂದು ಅಗಿದು ಬೆಲೆ ಕಟ್ಟುತ್ತಿದ್ದರು. ಅದೇ ಕಣಿಕೆಯನ್ನು ಪ್ರಯೋಗಾಲಯಕ್ಕೆ ಒಯ್ದು ಜೀರ್ಣಸಾಧ್ಯತೆ ಅಳೆದಾಗ ಎರಡೂ ಲೆಕ್ಕ ಕೂಡಿಬಂದವು. ಜೀರ್ಣಸಾಧ್ಯತೆ ಶೇ 47ರ ಆಸುಪಾಸಿನಿಂದ 52ರ ಆಸುಪಾಸಿಗೆ ಏರಿದರೆ ಬೆಲೆ ಕಾಲುಭಾಗದಷ್ಟು ಏರುತ್ತಿತ್ತು. ಪಿಎಚ್.ಡಿ. ಇಲ್ಲದ ವ್ಯಾಪಾರಿಯ ಹಲ್ಲಿಗೆ ಐದು ಅಂಶದ ವ್ಯತ್ಯಾಸ ಗೊತ್ತಾಗುತ್ತಿತ್ತು ಎಂದಾಯಿತು. ಅದಕ್ಕೆ ಹಣ ಕೊಡಲೂ ಅವನು ಸಿದ್ಧನಿದ್ದ. ಕಳಪೆ ಮೇವು, ಒಳ್ಳೆಯ ಮೇವಿನ ಅರಿವು ಜನರಿಗಿಲ್ಲ ಎಂಬ ಮಾತು ಇಲ್ಲಿಗೆ ಮುಗಿಯಬೇಕಿತ್ತು.

ವಿಜಯಪುರ, ಬಾಗಲಕೋಟೆ, ಕಲಬುರಗಿಯ ಎರೆಹೊಲದ ರೈತರಿಗೆ ಇದು ಹೊಸದೇನಲ್ಲ. ಹೈಬ್ರಿಡ್ ಜೋಳ 1960ರ ದಶಕದಿಂದ ಮುಂಗಾರು ಹೊಲಗಳನ್ನು ಆಕ್ರಮಿಸುತ್ತ ಹೋದರೂ ಹಿಂಗಾರಿನಲ್ಲಿ ಮಾಲ್ದಂಡಿ ಕದಲಲಿಲ್ಲ. ಮಹಾರಾಷ್ಟ್ರದ ಮೊಹೋಳದಲ್ಲಿ ನಾಡತಳಿಯಿಂದ ಆಯ್ದು ತೆಗೆದ ಎಂ 35-1 ಎಂಬ ಈ ತಳಿಗೆ ದುಂಡು ಮುತ್ತಿನಂಥ ಕಾಳು, ರೊಟ್ಟಿಗೆ ಹೇಳಿಮಾಡಿಸಿದ ಹಿಟ್ಟು, ಅದರ ಜೊತೆಗೆ ದನ ಬಿಡದೆ ತಿನ್ನುವ ಕಣಿಕೆ. ಕಾಳಿನ ಇಳುವರಿಯೊಂದನ್ನೇ ಹಿಡಿದು ಹೊರಟ ತಳಿ ಸಂಶೋಧಕರಿಗೆ ರೈತ ಹಳೆಯದಕ್ಕೆ ಜೋತುಬಿದ್ದಂತೆ ಕಂಡ. ಜೋಳದ ಬೆಲೆ ಕುಸಿದ ವರ್ಷ ಕಣಿಕೆ ಮಾರಿ ಸಾಲ ತೀರಿಸಿದ ರೈತನಿಗೆ ತಾನು ಮಾಡುತ್ತಿರುವುದು ಏನೆಂದು ತಿಳಿದಿತ್ತು. ಯೂರಿಯಾ ಗುಂಡಿ ಕೊಡುವ ಜೀರ್ಣತೆಯ ಅರ್ಧದಷ್ಟನ್ನಾದರೂ ಬೀಜದಲ್ಲೇ ಪಡೆಯುವುದಾದರೆ ಅದಕ್ಕೆ ಪ್ಲಾಸ್ಟಿಕ್ ಬೇಡ, ಮೂರು ವಾರ ಬೇಡ, ತರಬೇತಿ ಬೇಡ. ಬೀಜ ಬಿತ್ತಿದರೆ ಸಾಕು.

ಅಂದ ಹಾಗೆ, ಕಳೆದ ಕೆಲವು ವರ್ಷಗಳಲ್ಲಿ ಒಣಮೇವಿನ ಲೋಕವನ್ನು ಬದಲಿಸಿದ ಆವಿಷ್ಕಾರ ಪಶು ಪೋಷಣೆಯ ಯಾವ ವಿಭಾಗದಿಂದಲೂ ಬರಲಿಲ್ಲ. ಅದು ಟ್ರ್ಯಾಕ್ಟರ್ ಹಿಂದೆ ಎಳೆಯುವ ಹುಲ್ಲು ಕಟ್ಟುವ ಬೇಲರ್. ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ಕಟಾವು ಯಂತ್ರ ಹೋದ ಮೇಲೆ ಬೆಂಕಿಗೆ ಬೀಳುತ್ತಿದ್ದ ಹುಲ್ಲು ಪೆಂಡಿಯಾಗಿ ಲಾರಿ ಏರುತ್ತಿದೆ. ಕೊರತೆಯೆಂದು ನಾವು ಕರೆಯುವುದರ ಒಂದು ಪಾಲು ಬರಿಯ ಸಾಗಣೆಯ ಸಮಸ್ಯೆ.

ಆಡು-ಕುರಿಗಳ ವಿಷಯದಲ್ಲಿ ಪುಸ್ತಕದ ಲೆಕ್ಕವೇ ಸರಿ ಎಂಬ ಪೂರ್ವಗ್ರಹ ಇನ್ನೂ ಗಾಢ. 2019ರ ಗಣತಿಯಲ್ಲಿ ದೇಶದ ಆಡುಗಳು 14.88 ಕೋಟಿ. ದನಗಳು 19 ಕೋಟಿ ಚಿಲ್ಲರೆ. ಮೇವಿನ ಲೆಕ್ಕದ ಪುಸ್ತಕ ಆಡನ್ನು ಪುಟ್ಟ ದನವೆಂದು ಭಾವಿಸಿ ಗೋದಲಿಯ ಮುಂದೆ ನಿಲ್ಲಿಸುತ್ತದೆ. ಆಡು ಗೋದಲಿಯ ಪ್ರಾಣಿಯಲ್ಲ. ಅದು ಮೇಲಿನ ಚಿಗುರು, ಜಾಲಿಯ ಕಾಯಿ, ಒಗರಿನ ಸೊಪ್ಪು ಆಯ್ದು ತಿನ್ನುವ ಪ್ರಾಣಿ. ದನದ ನಾಲಿಗೆ ತಿರಸ್ಕರಿಸುವ ಟ್ಯಾನಿನ್ ತುಂಬಿದ ಎಲೆಗಳನ್ನು ಅರಗಿಸಿಕೊಳ್ಳುವುದು ಅದರ ಜಾಣ್ಮೆ. ಅದನ್ನು ಶೆಡ್ಡಿನಲ್ಲಿ ಕಟ್ಟಿ, ಬೋಯರ್ ಎಂಬ ವಿದೇಶಿ ತಳಿಯ ಹೋತ ತಂದು ದಾಟಿಸಿ, ಮರಿ ದಪ್ಪವಾದರೆ ಮಾಂಸ ಹೆಚ್ಚಿತು ಎಂಬ ಉತ್ಸಾಹ ಈಗಿನ ಹೊಸ ಸಾಕಣೆದಾರರಲ್ಲಿದೆ. ಮಂದೆಯಿಂದ ಬರುವ ಮಾಂಸ ಮರಿಯ ತೂಕದಿಂದಷ್ಟೇ ಲೆಕ್ಕವಾಗುವುದಿಲ್ಲ. ಎಷ್ಟು ಮರಿ ಹುಟ್ಟಿ ಎಷ್ಟು ಉಳಿದವು ಎಂಬುದು ಮೊದಲ ಪ್ರಶ್ನೆ. ಅವಳಿ ಹಾಕಿದ ಆಡಿನ ಒಂದು ಮರಿ ಭೇದಿಯಿಂದ ಹೋದರೆ ಯಾವ ವಿದೇಶಿ ರಕ್ತವೂ ಆ ನಷ್ಟವನ್ನು ತುಂಬಿಕೊಡುವುದಿಲ್ಲ.

ಸಂಶೋಧನೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಯಾವುದು ಗೆದ್ದಿತು ಎಂದು ನೋಡಿ ಎನ್ನುತ್ತಿದ್ದೇನೆ. ಆಡುಗಳ ಪ್ಲೇಗ್ ಎಂದು ಕರೆಯುವ ಪಿಪಿಆರ್ ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. ಭಾರತೀಯ ವಿಜ್ಞಾನಿಗಳು ಇಲ್ಲಿನ ವೈರಾಣುವಿನಿಂದಲೇ ಲಸಿಕೆ ಮಾಡಿದರು. ಒಂದು ಚುಚ್ಚುಮದ್ದಿಗೆ ಮೂರು ವರ್ಷವಾದರೂ ರಕ್ಷಣೆ. ಕುರುಬರ ಮಂದೆಗಳಲ್ಲಿ ಇದಕ್ಕೆ ಯಾರೂ ಅಜ್ಞಾನದಿಂದ ಬೆನ್ನು ತಿರುಗಿಸಲಿಲ್ಲ. ಲಸಿಕೆ ಸಕಾಲಕ್ಕೆ ಬರಲಿಲ್ಲ ಎಂಬ ದೂರೇ ಹೆಚ್ಚು. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಹರಡಿದಾಗ ಕೈಗೆ ಸಿಕ್ಕ ಆಸರೆ ಆಡಿನ ಸಿಡುಬಿನ ಲಸಿಕೆ. ಆಡುಗೋಡಿಯಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಆಯಾ ಪ್ರದೇಶದ ಮಣ್ಣು-ಮೇವಿನ ಕೊರತೆಗೆ ತಕ್ಕಂತೆ ಖನಿಜ ಮಿಶ್ರಣ ರೂಪಿಸಿದ್ದು ಕೂಡ ಇದೇ ಸಾಲಿನ ಕೆಲಸ. ದಿನಕ್ಕೊಂದು ಹಿಡಿ ದಾಣಿಯಲ್ಲಿ ಬೆರೆಸಿದರೆ ಮುಗಿಯಿತು. ಇವೆಲ್ಲದರ ಸಮಾನ ಗುಣ ಒಂದೇ: ಮನೆಯ ದುಡಿಮೆಯನ್ನು ಇವು ಹೆಚ್ಚಿಸುವುದಿಲ್ಲ, ಇರುವ ಮೇವನ್ನು ಬೇಗ ಮುಗಿಸುವುದೂ ಇಲ್ಲ.

ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಹೊರದೇಶದ್ದು. ಸುಬಾಬುಲ್ ಸೊಪ್ಪಿನಲ್ಲಿ ಮಿಮೊಸಿನ್ ಎಂಬ ವಿಷವಿದೆ. ಹೆಚ್ಚು ತಿಂದ ಆಸ್ಟ್ರೇಲಿಯದ ದನಗಳ ಕೂದಲು ಉದುರುತ್ತಿತ್ತು, ಗಂಟಲ ಗ್ರಂಥಿ ಕೆಡುತ್ತಿತ್ತು. ರೇಮಂಡ್ ಜೋನ್ಸ್ ಎಂಬ ಅಲ್ಲಿನ ವಿಜ್ಞಾನಿ ಸೊಪ್ಪಿನ ವಿಷ ತೆಗೆಯುವ ಯಂತ್ರ ಹುಡುಕಿ ಹೊರಡಲಿಲ್ಲ. ಹವಾಯಿಯ ಆಡುಗಳು ಅದೇ ಸೊಪ್ಪು ತಿಂದು ಹೇಗೆ ಸುಖವಾಗಿವೆ ಎಂದು ಕೇಳಿದರು. ಉತ್ತರ ಅವುಗಳ ಹೊಟ್ಟೆಯಲ್ಲಿತ್ತು: ವಿಷವನ್ನು ಒಡೆಯುವ ಒಂದು ಬ್ಯಾಕ್ಟೀರಿಯಾ. 1980ರ ದಶಕದಲ್ಲಿ ಅದನ್ನು ಆಸ್ಟ್ರೇಲಿಯದ ದನಗಳ ಹೊಟ್ಟೆಗೆ ಸೇರಿಸಿದರು, ಅಲ್ಲಿಂದ ಅದು ಹಿಂಡಿನೊಳಗೆ ದನದಿಂದ ದನಕ್ಕೆ ತಾನೇ ಹರಡಿತು. ಆ ಜೀವಿಗೆ ಈಗ ಜೋನ್ಸ್ ಹೆಸರೇ ಇದೆ. ಅಲ್ಲಿ ಪ್ರಯೋಗಾಲಯ ಮಂದೆಯಿಂದ ಕಲಿಯಿತು. ನಮ್ಮ ಪರಿಷತ್ತು 1979ರಲ್ಲಿ 'ಲ್ಯಾಬ್ ಟು ಲ್ಯಾಂಡ್' ಕಾರ್ಯಕ್ರಮ ಆರಂಭಿಸಿತು. ಆ ರಸ್ತೆ ಅಂದಿನಿಂದ ಇಂದಿನವರೆಗೂ ಒಮ್ಮುಖ ಸಂಚಾರದ್ದೇ ಆಗಿ ಉಳಿದಿದೆ.

ಧಾರವಾಡ, ರಾಯಚೂರು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳು, ಬೀದರಿನ ಪಶು ವಿಶ್ವವಿದ್ಯಾಲಯ ಈ ಪುಟವನ್ನು ಓದುವುದಾದರೆ ಕೇಳಿಕೊಳ್ಳುವುದು ಎರಡೇ. ರಾಗಿ, ಜೋಳ, ಭತ್ತದ ಹೊಸ ತಳಿ ಬಿಡುಗಡೆ ಮಾಡುವಾಗ ಎಕರೆಗೆ ಎಷ್ಟು ಕ್ವಿಂಟಲ್ ಕಾಳು ಎಂಬುದರ ಪಕ್ಕದಲ್ಲಿ ಅದರ ಹುಲ್ಲಿನ ಜೀರ್ಣಸಾಧ್ಯತೆ ಎಷ್ಟು ಎಂದೂ ಅಚ್ಚು ಹಾಕಿ. ಅಳೆಯುವ ಸಲಕರಣೆ ಹೈದರಾಬಾದಿನಲ್ಲೇ ಇದೆ. ಪಶು ಆಹಾರದ ಪ್ರತಿ ಪ್ರಯೋಗದ ವರದಿಯಲ್ಲಿ ಹಾಲಿನ ಗ್ರಾಂ ಲೆಕ್ಕದ ಜೊತೆಗೆ ದಿನಕ್ಕೆ ಎಷ್ಟು ಗಂಟೆ ದುಡಿಮೆ, ಯಾರ ದುಡಿಮೆ, ಬಣವೆ ಎಷ್ಟು ದಿನ ಬಂತು ಎಂಬ ಮೂರು ಅಂಕಣ ಸೇರಿಸಿ. ಆ ಅಂಕಣಗಳನ್ನು ತುಂಬುವವರೆಗೆ ರೈತನನ್ನು ಅಜ್ಞಾನಿ ಎಂದು ಬರೆಯುವ ಹಕ್ಕು ಯಾವ ಪ್ರಬಂಧಕ್ಕೂ ಇಲ್ಲ.